ಜೊತೆಗೆ ಯಾರಿದ್ದೀರಿ?

ಮಕ್ಕಳ ಕ್ಯಾನ್ಸರ್ ವಾರ್ಡಿನ ಬಾಗಿಲಲ್ಲಿ ಮಗುವಿನ ಹೆಸರಿಗಿಂತ ಮೊದಲು ಕೇಳುವುದು ಇನ್ನೊಂದು ಪ್ರಶ್ನೆ: ‘ಜೊತೆಗೆ ಯಾರಿದ್ದೀರಿ?’ ಅಡ್ಮಿಶನ್ ಫಾರ್ಮಿನಲ್ಲಿ ಅದಕ್ಕೆ ಒಂದೇ ಗೆರೆಯ ಜಾಗ. ಹೆಸರು, ಸಂಬಂಧ, ಸಹಿ. ನನ್ನ ತಂಗಿ ಆ ಗೆರೆಯ ಮೇಲೆ ‘ತಾಯಿ’ ಎಂದು ಬರೆದು ಸಹಿ ಮಾಡಿದಾಗ ಪೆನ್ನು ಕೊಟ್ಟವನು ನಾನೇ. ಎರಡೂವರೆ ವರ್ಷ ದಾಟುವ ಒಂದು ಕೆಲಸಕ್ಕೆ ಅವಳು ಸೇರಿಕೊಂಡಳೆಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಹೊಳೆಯಲಿಲ್ಲ.

ಮಗಳಿಗೆ ಆಗ ಆರು ವರ್ಷ. ಹಾವೇರಿ ಕಡೆಯ ಹಳ್ಳಿ. ಬಿಟ್ಟು ಬಿಟ್ಟು ಬರುವ ಜ್ವರ, ಬಿದ್ದ ನೆನಪಿಲ್ಲದಿದ್ದರೂ ಮೊಣಕಾಲ ಕೆಳಗೆ ಮೂಡಿದ ನೀಲಿ ಕಲೆಗಳು, ಸುಣ್ಣ ಬಳಿದಂತೆ ಬಿಳಿಚಿಕೊಂಡ ಮುಖ. ಟೈಫಾಯ್ಡ್ ಎಂದು ಹತ್ತು ದಿನ, ರಕ್ತ ಕಡಿಮೆ ಎಂದು ಹತ್ತು ದಿನ ಹೋಯಿತು. ಹುಬ್ಬಳ್ಳಿಯಲ್ಲಿ ರಕ್ತಪರೀಕ್ಷೆಯ ಚೀಟಿ ನೋಡಿದ ವೈದ್ಯರು ‘ಇವತ್ತು ರಾತ್ರಿಯೇ ಬೆಂಗಳೂರಿಗೆ ಹೊರಡಿ’ ಅಂದರು. ವೈದ್ಯರ ಭಾಷೆಯಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಊರವರ ಬಾಯಲ್ಲಿ ಬ್ಲಡ್ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಬೆಂಗಳೂರಿನ ವೈದ್ಯರು ಮೊದಲ ದಿನ ಹೇಳಿದ್ದು ಎರಡೇ ಮಾತು: ‘ಇದು ವಾಸಿಯಾಗುವ ಕಾಯಿಲೆ. ಆದರೆ ಮಧ್ಯದಲ್ಲಿ ಬಿಡಬಾರದು.’ ನಾವೆಲ್ಲ ಮೊದಲನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಎರಡನೆಯದರ ತೂಕ ತಿಳಿಯಲು ತಿಂಗಳುಗಳೇ ಬೇಕಾದವು.

ನೋಡಲು ಬಂದವರು ಹಣ್ಣು ತಂದರು (ಕೀಮೋ ನಡೆಯುವ ಮಗುವಿಗೆ ಸಿಪ್ಪೆ ಸುಲಿಯಲು ಬಾರದ ಹಣ್ಣು ಕೊಡುವಂತಿಲ್ಲ, ಹಾಗಾಗಿ ದ್ರಾಕ್ಷಿಯೆಲ್ಲ ವಾರ್ಡಿನ ಆಯಾಗಳ ಪಾಲಾಯಿತು). ಹಣ್ಣಿನ ಜೊತೆ ಎಲ್ಲರೂ ತಂದದ್ದು ಇನ್ನೊಂದು ಉಂಟು. ‘ಧೈರ್ಯ ತಂದುಕೋ.’ ‘ನೀನೇ ಹೀಗೆ ಕೂತರೆ ಮಗು ಗತಿ ಏನು?’ ‘ತಾಯಿ ಮನಸ್ಸು ಗಟ್ಟಿ ಇದ್ದರೆ ಯಾವ ಕಾಯಿಲೆಯೂ ನಿಲ್ಲಲ್ಲ.’ ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕ್ಯಾನ್ಸರ್ ಮಗುವಿನ ಮನೆಯಲ್ಲಿ ಕೊರತೆಯಿರುವುದು ಧೈರ್ಯಕ್ಕೆ ಎಂಬ ನಮ್ಮ ಗಟ್ಟಿ ನಂಬಿಕೆ ತಪ್ಪು, ಅಷ್ಟೇ ಅಲ್ಲ, ಅಪಾಯಕಾರಿ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಚಿಕಿತ್ಸೆ ಆ ಮನೆಯಿಂದ ಕೇಳುವುದು ದುಡಿಮೆಯನ್ನು. ಹಗಲು ರಾತ್ರಿ, ವರ್ಷಗಟ್ಟಲೆ, ಒಂದು ದಿನವೂ ರಜೆಯಿಲ್ಲದ ದುಡಿಮೆ. ಅದನ್ನು ದುಡಿಮೆ ಎಂದು ಕರೆಯದೆ ಧೈರ್ಯ, ತ್ಯಾಗ, ತಾಯ್ತನ ಎಂದೆಲ್ಲ ಕರೆದದ್ದರಿಂದ ಅದರ ಖರ್ಚು ಯಾರ ಲೆಕ್ಕದಲ್ಲೂ ಬರದೆ ಹೋಗಿದೆ.

ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಗುವಿನ ಜೊತೆ ತಾಯಿ ಇರುವಂತೆಯೇ ಇರಲಿಲ್ಲ. ನಿಗದಿತ ಸಮಯದಲ್ಲಿ ಬಂದು ನೋಡಿ ಹೋಗಬೇಕು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆ ಸೇರಿದ ಎರಡು ವರ್ಷದ ಹೆಣ್ಣುಮಗುವೊಂದನ್ನು ದಿನವೂ ಚಿತ್ರೀಕರಿಸಿ, ಒಂಟಿಯಾಗಿ ಬಿಟ್ಟ ಮಗು ಒಳಗೊಳಗೇ ಹೇಗೆ ಕುಸಿಯುತ್ತದೆಂದು ತೋರಿಸಿದರು. 1959ರಲ್ಲಿ ಪ್ಲ್ಯಾಟ್ ವರದಿ ಬಂದ ಮೇಲೆ ಅಲ್ಲಿನ ವಾರ್ಡುಗಳು ನಿಧಾನವಾಗಿ ಪೋಷಕರಿಗೆ ಬಾಗಿಲು ತೆರೆದವು. ನಮ್ಮಲ್ಲಿ ಆ ಹೋರಾಟದ ಅಗತ್ಯವೇ ಬೀಳಲಿಲ್ಲ. ನಮ್ಮ ತಾಯಂದಿರು ಯಾವತ್ತೂ ಮಂಚದ ಪಕ್ಕದಲ್ಲೇ ಇದ್ದರು, ಮಂಚದ ಕೆಳಗೂ ಮಲಗಿದರು. ನಮ್ಮ ಸಂಸ್ಕೃತಿಯ ಹಿರಿಮೆ ಎಂದು ಇದನ್ನು ಹೇಳಿಕೊಳ್ಳಬಹುದು. ಆದರೆ ಒಂದು ರಾತ್ರಿ ವಾರ್ಡಿನಲ್ಲಿ ಕೂತವರಿಗೆ ಇನ್ನೊಂದು ಕಾರಣವೂ ಕಾಣುತ್ತದೆ: ಅವರಿಲ್ಲದಿದ್ದರೆ ವಾರ್ಡು ನಡೆಯುವುದಿಲ್ಲ. ಡ್ರಿಪ್ ಮುಗಿಯಿತೆಂದು ಹೇಳುವವರು ಅವರು. ವಾಂತಿಯ ಬೇಸಿನ್ ಹಿಡಿಯುವವರು, ಮೂತ್ರ ಅಳೆದು ಬರೆಯುವವರು, ರಕ್ತದ ಸ್ಯಾಂಪಲ್ಲನ್ನು ಲ್ಯಾಬಿಗೆ ಒಯ್ದು ರಿಪೋರ್ಟಿಗೆ ಸರದಿ ನಿಲ್ಲುವವರು, ಪ್ಲೇಟ್‌ಲೆಟ್ ಕೊಡುವವರನ್ನು ಫೋನಿನಲ್ಲಿ ಹುಡುಕುವವರು ಎಲ್ಲ ಅವರೇ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಕೆಡದೆ ಉಳಿಯುವುದಿಲ್ಲವಾದ್ದರಿಂದ ಮೊದಲೇ ತಂದಿಡುವ ಹಾಗೂ ಇಲ್ಲ, ಪ್ರತಿ ಸಲ ಹೊಸ ಹುಡುಕಾಟ. ಆಸ್ಪತ್ರೆಯ ಭಾಷೆಯಲ್ಲಿ ಇವರ ಹೆಸರು ‘ಅಟೆಂಡರ್’. ಸರ್ಕಾರಿ ಕಚೇರಿಯ ಅಟೆಂಡರ್‌ಗೆ ಸಂಬಳವುಂಟು, ಕೂರಲು ಸ್ಟೂಲು ಉಂಟು.

ಮೊದಲ ತಿಂಗಳಿನ ಒಂದು ರಾತ್ರಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇಂಡಕ್ಷನ್ ಎಂಬ ಆ ಮೊದಲ ಹಂತದಲ್ಲಿ ದಿನಾ ಸ್ಟೆರಾಯ್ಡ್ ಕೊಡುತ್ತಾರೆ. ಅದು ಮಗುವಿಗೆ ಎಲ್ಲಿಲ್ಲದ ಹಸಿವು ತರುತ್ತದೆ, ಹಸಿವಿನ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು. ರಾತ್ರಿ ಎರಡು ಗಂಟೆಗೆ ಎದ್ದು ಕೂತ ನನ್ನ ಸೊಸೆ ಚಿತ್ರಾನ್ನ ಬೇಕೆಂದಳು. ಇತ್ತು, ಡಬ್ಬಿಯಲ್ಲಿ ಸಂಜೆಯದು. ಆದರೆ ಸಂಜೆ ಮಾಡಿದ ಅನ್ನ ಕೊಡುವ ಹಾಗಿಲ್ಲ, ಬಿಳಿರಕ್ತಕಣಗಳ ಕೌಂಟ್ ಬಿದ್ದಿದೆ. ಅವಳು ಮಂಚದ ಸರಳು ಹಿಡಿದು ಕಿರುಚಿದಳು, ಪಕ್ಕದ ಮೂರು ಮಕ್ಕಳು ಎದ್ದರು. ತಂಗಿ ಒಂದು ಮಾತೂ ಆಡದೆ ಫ್ಲಾಸ್ಕಿನ ಬಿಸಿನೀರಿನಲ್ಲಿ ಗಂಜಿಪುಡಿ ಕಲಸಿ, ಅದಕ್ಕೆ ನಿಂಬೆಹಣ್ಣು ಹಿಂಡಿ, ಒಂದು ಚಿಟಿಕೆ ಅರಿಸಿನ ಹಾಕಿ, ‘ಇದು ಆಸ್ಪತ್ರೆ ಚಿತ್ರಾನ್ನ’ ಅಂದಳು. ಅರಿಸಿನದ ಪೊಟ್ಟಣವನ್ನು ಅವಳು ಯಾವಾಗ ಬ್ಯಾಗಿಗೆ ಹಾಕಿಕೊಂಡಿದ್ದಳೋ. ಮಗು ಚಮಚೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತು, ತಿಂದಿತು. ಇದು ಧೈರ್ಯವೇ? ನನಗೆ ಅದು ಕಂಡದ್ದು ಪಳಗಿದ ಕೆಲಸಗಾರಳೊಬ್ಬಳ ಕೈಚಳಕವಾಗಿ. ಬೆಳಿಗ್ಗೆ ರೌಂಡ್ಸಿಗೆ ಬಂದವರ ಫೈಲಿನಲ್ಲಿ ಬಿತ್ತು: ‘ರಾತ್ರಿ ಆಹಾರ ಸೇವನೆ ಸಮರ್ಪಕ.’

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೆಲಸ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆವು. ಮೊದಲ ಏಳೆಂಟು ತಿಂಗಳ ಬಿರುಸು ಮುಗಿದ ನಂತರ ‘ಮೇಂಟೆನೆನ್ಸ್’ ಎಂಬ ಹಂತ, ಸುಮಾರು ಎರಡು ವರ್ಷ. 6-ಎಂಪಿ ಎಂಬ ಮಾತ್ರೆ ದಿನಾ, ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದೇ ದಿನ. ಮಗುವಿನ ಎತ್ತರ ತೂಕ ನೋಡಿ, ಕೌಂಟ್ ನೋಡಿ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ನಮ್ಮ ಮಗುವಿಗೆ ಒಮ್ಮೆ ಬಂದ ಲೆಕ್ಕ ಹೀಗಿತ್ತು: 6-ಎಂಪಿ ಐದು ದಿನ ಒಂದೊಂದು, ಎರಡು ದಿನ ಅರ್ಧರ್ಧ, ಇನ್ನೊಂದು ಗುರುವಾರ ಮಾತ್ರ, ಒಟ್ಟಿಗೆ ಆರು. ವಾರಕ್ಕೊಮ್ಮೆಯ ಈ ಮಾತ್ರೆಯನ್ನು ತಪ್ಪಿ ದಿನಾ ಕೊಟ್ಟರೆ ಮಗುವಿನ ಮಜ್ಜೆಯೇ ಬತ್ತಿಹೋಗಿ ಪ್ರಾಣಕ್ಕೆ ಬರುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಂಗಿ ಗೋಡೆಯ ಕ್ಯಾಲೆಂಡರಿನ ಗುರುವಾರಗಳಿಗೆಲ್ಲ ಕುಂಕುಮದ ಬೊಟ್ಟಿಟ್ಟಳು. ಅರ್ಧ ಮಾತ್ರೆಯ ದಿನಗಳಿಗೆ ಪೆನ್ಸಿಲಿನ ಅರ್ಧಚಂದ್ರ. ಕೊಟ್ಟ ಮೇಲೆ ಅಡ್ಡಗೆರೆ. ಎರಡು ವರ್ಷ, ಒಂದು ಗೆರೆ ತಪ್ಪಲಿಲ್ಲ.

ಆ ಗೆರೆಗಳ ಬೆಲೆಯನ್ನು ಅಳೆದವರಿದ್ದಾರೆ. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಮಾತ್ರೆ ಡಬ್ಬಿಯ ಮುಚ್ಚಳಕ್ಕೇ ಎಲೆಕ್ಟ್ರಾನಿಕ್ ಚಿಪ್ ಇಟ್ಟು, ಪ್ರತಿ ಸಲ ತೆರೆದದ್ದನ್ನು ದಾಖಲಿಸಿ ಅಧ್ಯಯನ ನಡೆಸಿದರು. ಬರೆದುಕೊಟ್ಟ 6-ಎಂಪಿಯಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಮಿಗಿಲು. ಶೇ. 95 ಎಂದರೆ ತಿಂಗಳಿಗೆ ಎರಡು ದಿನ ಮರೆತರೂ ಗಡಿ ದಾಟಿದಂತೆ. ಕ್ಯಾನ್ಸರ್ ಚಿಕಿತ್ಸೆಯೆಂದರೆ ಭಾರೀ ಯಂತ್ರ, ವಿದೇಶಿ ಇಂಜೆಕ್ಷನ್ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಅದರ ಅತಿ ದೀರ್ಘ ಭಾಗ ನಡೆಯುವುದು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ.

ಮದ್ದುಗಳೂ ಹಳೆಯವೇ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಗಿರಣಿಗಳ ಬಸುರಿ ಕಾರ್ಮಿಕರ ರಕ್ತಹೀನತೆಯ ಬೆನ್ನುಹತ್ತಿದಾಗ ಸಿಕ್ಕ ಸುಳಿವೇ ಮುಂದೆ ಫೋಲಿಕ್ ಆಮ್ಲವಾಯಿತು. ಅದನ್ನು ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ನಾಯಕ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲವನ್ನು ತಡೆಯುವ ಔಷಧವನ್ನೂ ಅವರ ತಂಡವೇ ರೂಪಿಸಿತು, ಅದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟರು. 1948ರ ಜೂನ್‌ನಲ್ಲಿ ಆ ವರದಿ ಪ್ರಕಟವಾಯಿತು, ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ನನ್ನ ತಂಗಿಯ ಗುರುವಾರದ ಆರು ಮಾತ್ರೆ ಆ ಔಷಧದ ಒಡಹುಟ್ಟು. ಇನ್ನೊಂದು ಮದ್ದು ವಿನ್‌ಕ್ರಿಸ್ಟಿನ್, ನಮ್ಮ ಹಿತ್ತಿಲಲ್ಲಿ ಯಾರೂ ನೀರು ಹಾಕದೆಯೂ ಹೂ ಬಿಡುವ ಕಾಶಿಕಣಗಿಲೆಯಿಂದ ತೆಗೆದದ್ದು, 1960ರ ದಶಕದಿಂದ ಬಳಕೆಯಲ್ಲಿದೆ. (‘ಹಂಗಾದ್ರ ಹಿತ್ತಲದಾಗಿನ ಎಲಿ ಅರದು ಕುಡಿಸಿದ್ರ ಆಗೂದಿಲ್ಲೇನು?’ ಎಂದು ಭಾವ, ತಂಗಿಯ ಗಂಡ, ಕೇಳಿದ್ದುಂಟು. ಆಗುವುದಿಲ್ಲ. ಲೋಟದಲ್ಲಿ ವಿಷ ಎಷ್ಟು, ಮದ್ದು ಎಷ್ಟು ಎಂದು ಯಾರೂ ಅಳೆಯಲಾರರು.) ಹೇಳಬೇಕಾದದ್ದು ಇಷ್ಟು: ಮದ್ದು ಗೊತ್ತಿದೆ, ಬಹುಪಾಲು ಅಗ್ಗವೂ ಆಗಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಹಲವು ಬಡ ದೇಶಗಳಲ್ಲಿ ಶೇ. 30ಕ್ಕೂ ಕಡಿಮೆ. 2018ರಲ್ಲಿ ಆ ಸಂಸ್ಥೆ ಇಟ್ಟುಕೊಂಡ ಗುರಿ, 2030ರ ಹೊತ್ತಿಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60.

ಈ ಅಂತರಕ್ಕೆ ಕಾರಣಗಳು ಹಲವು. ತಡವಾಗಿ ಪತ್ತೆಯಾಗುವುದು, ಸೋಂಕು, ತಜ್ಞರ ಕೊರತೆ. ಅವುಗಳ ಸಾಲಿನಲ್ಲೇ ಇನ್ನೊಂದಿದೆ. ಸತತ ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಚಿಕಿತ್ಸೆಗೆ ಬಾರದಿದ್ದರೆ ಅಂಥ ಮಗುವನ್ನು ವೈದ್ಯಲೋಕ ‘ಅಬಂಡನ್‌ಮೆಂಟ್’ ಪಟ್ಟಿಗೆ ಸೇರಿಸುತ್ತದೆ. ತೊರೆದವರು, ಕೈಬಿಟ್ಟವರು. ಈ ಪದ ನನ್ನನ್ನು ಚುಚ್ಚುತ್ತದೆ. ಎಮ್ಮೆ ಮಾರಿ, ತಾಳಿ ಅಡವಿಟ್ಟು, ಹನ್ನೊಂದು ತಿಂಗಳು ಓಡಾಡಿ, ಹನ್ನೆರಡನೆಯ ತಿಂಗಳು ಬರಲಾಗದವನನ್ನು ಮಗುವನ್ನು ತೊರೆದವನು ಎಂದು ಕರೆಯುವ ಭಾಷೆ ಯಾರ ಪರವಾಗಿ ಮಾತಾಡುತ್ತಿದೆ? ಕ್ಷಯರೋಗದ ಕ್ಷೇತ್ರದಲ್ಲೂ ಹೀಗೇ ಇತ್ತು. ಮಾತ್ರೆ ನಿಲ್ಲಿಸಿದವರನ್ನು ದಶಕಗಳ ಕಾಲ ‘ಡಿಫಾಲ್ಟರ್’ ಎಂದರು, ಸಾಲ ಕಟ್ಟದವರನ್ನು ಕರೆಯುವ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಬಿಟ್ಟು ‘ಸಂಪರ್ಕ ತಪ್ಪಿದವರು’ ಎಂಬರ್ಥದ ಪದಕ್ಕೆ ಬಂತು. ಪದ ಬದಲಾದರೆ ರೋಗ ವಾಸಿಯಾಗುವುದಿಲ್ಲ, ಒಪ್ಪುತ್ತೇನೆ. ಆದರೆ ತಪ್ಪು ರೋಗಿಯದೋ ವ್ಯವಸ್ಥೆಯದೋ ಎಂದು ಕೇಳಿಕೊಳ್ಳಲು ಜಾಗವಾದರೂ ಸಿಗುತ್ತದೆ.

ಭಾವನ ಲೆಕ್ಕ ಕೇಳಿ. ಬಿಪಿಎಲ್ ಕಾರ್ಡು ಇದ್ದದ್ದರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಕೀಮೋಗೆ, ಬೆಡ್ಡಿಗೆ ಕೈಯಿಂದ ಹೋದದ್ದು ಹೆಚ್ಚಿಲ್ಲ. ಇದನ್ನು ಕೃತಜ್ಞತೆಯಿಂದಲೇ ಹೇಳಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬರುವ ಮೊದಲು ಇದೇ ಕಾಯಿಲೆಗೆ ಜಮೀನೇ ಹೋಗುತ್ತಿತ್ತು. ಆದರೆ ಯೋಜನೆ ನೋಡುವುದು ಆಸ್ಪತ್ರೆಯ ಬಿಲ್ಲನ್ನು. ಬಿಲ್ಲಿನಾಚೆಗೆ ಉಳಿದದ್ದು ಹೀಗೆ: ಧರ್ಮಶಾಲೆಯಲ್ಲಿ ಜಾಗ ಸಿಗುವ ತನಕ ಆಸ್ಪತ್ರೆ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಕೋಣೆ. ಗ್ಯಾಸು, ಕುದಿಸಿದ ನೀರು. ಕೌಂಟ್ ಬಿದ್ದ ಮಗುವನ್ನು ಜನ ತುಂಬಿದ ಬಸ್ಸಿನಲ್ಲಿ ಒಯ್ಯುವಂತಿಲ್ಲ ಎಂದು ಆಟೋ. ಅವನು ಕೆಲಸ ಮಾಡುತ್ತಿದ್ದ ಮೆಕ್ಕೆಜೋಳದ ಗೋದಾಮಿನಲ್ಲಿ ಕೂಲಿ ದಿನದ ಲೆಕ್ಕ. ಬಾರದ ದಿನಕ್ಕೆ ಸೊನ್ನೆ. ಸಂಘದ ಕಂತು ಮಾತ್ರ ವಾರ ತಪ್ಪುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿಗೂ ಮಗಳಿಗೂ ಟಿಕೆಟ್ ಇಲ್ಲ, ಅವನಿಗೆ ಉಂಟು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕಿಟಕಿ ತೆರೆಯುವ ವೇಳೆಗೆ ಕೀಮೋ ಸರದಿ ಕೂಗುತ್ತಾರೆ. ಬೆಂಗಳೂರಿಗೆ ಬಂದ ದಿನ ಅವನು ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಯ ತಿಂಡಿ, 10 ರೂಪಾಯಿಯ ಊಟ ಮಾಡುತ್ತಿದ್ದ. ರಾತ್ರಿ ವಾರ್ಡಿನಲ್ಲಿ ಒಬ್ಬರಿಗಷ್ಟೇ ಪಾಸು, ಅದು ತಂಗಿಯದು. ಇವನು ಹೊರಗೆ ಕಾರಿಡಾರಿನ ಟೈಲ್ಸಿನ ಮೇಲೆ ವೃತ್ತಪತ್ರಿಕೆ ಹಾಸಿ ಮಲಗುತ್ತಿದ್ದ. ‘ಏನ್ ಮಾಡೂದ್ರೀ, ಮಗಳ ಸನೇಕ ಅದೇನಿ ಅಂತ ನಿದ್ದಿ ಬರ್ತದ’ ಅಂದದ್ದು ಒಮ್ಮೆ ಮಾತ್ರ.

ಇದೇ ಕಾಯಿಲೆ ಸರ್ಕಾರಿ ನೌಕರಳ ಮಗುವಿಗೆ ಬಂದಿದ್ದರೆ? ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗಾಗಿ ಸೇವಾವಧಿಯಲ್ಲಿ 730 ದಿನ ರಜೆಯಿದೆ. ನಮ್ಮ ರಾಜ್ಯವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಕೊಟ್ಟಿತು. ಅಂದರೆ ಮಗುವಿನ ಆರೈಕೆ ಒಂದು ಕೆಲಸ, ಅದಕ್ಕೆ ಸಮಯ ಬೇಕು, ಆ ಸಮಯಕ್ಕೆ ಸಂಬಳವೂ ಬೇಕು ಎಂಬ ತತ್ತ್ವವನ್ನು ಸರ್ಕಾರ ಆಗಲೇ ಒಪ್ಪಿಕೊಂಡಿದೆ. ಒಪ್ಪಿಕೊಂಡಿರುವುದು ತನ್ನ ಹಾಜರಿಪುಸ್ತಕದಲ್ಲಿ ಹೆಸರಿರುವವರ ಮಟ್ಟಿಗೆ, ಅಷ್ಟೆ. ಅದರಲ್ಲೂ ತಾಯಿಗೆ ಕೊಟ್ಟು, ಹೆಂಡತಿಯಿರುವ ತಂದೆಯನ್ನು ಮರೆತದ್ದು ನಮ್ಮ ಮನೆಗಳ ಯೋಚನೆಯ ನಕಲೇ.

ದುಡಿಮೆಯ ಲೆಕ್ಕವಿಲ್ಲದಿದ್ದಾಗ ಮನೆಯೇ ಒಳಗೊಳಗೆ ಲೆಕ್ಕ ಹಾಕತೊಡಗುತ್ತದೆ, ಆ ಲೆಕ್ಕ ಹೆಣ್ಣುಮಕ್ಕಳ ವಿರುದ್ಧ ಬೀಳುತ್ತದೆ. ಭಾರತದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಗಳನ್ನೂ ಜನಸಂಖ್ಯಾ ಆಧಾರಿತ ನೋಂದಣಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2022ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂತು. ಕಾಯಿಲೆ ಬಂದ ಹುಡುಗಿಯರ ಪಾಲಿಗೆ ತಕ್ಕಷ್ಟು ಹುಡುಗಿಯರು ಆಸ್ಪತ್ರೆಗೆ ಬರುತ್ತಿಲ್ಲ. ದೂರ ಹೆಚ್ಚಾದಂತೆ, ಚಿಕಿತ್ಸೆ ದುಬಾರಿಯಾದಂತೆ ಅವರ ಸಂಖ್ಯೆ ಇನ್ನೂ ಕುಗ್ಗುತ್ತದೆ. ‘ಹೆಣ್ಣುಹುಡುಗಿ, ಕೂದಲು ಹೋದರೆ ನಾಳೆ ಯಾರು ಮದುವೆಯಾಗ್ತಾರೆ?’ ಎಂಬ ಮಾತನ್ನು ನಾನೂ ಕಿವಿಯಾರೆ ಕೇಳಿದ್ದೇನೆ, ಅದೂ ಹತ್ತಿರದವರ ಬಾಯಲ್ಲಿ. ಆರು ವರ್ಷದ ಮಗುವಿನ ಮದುವೆ! ಕೂದಲು ಮತ್ತೆ ಬರುತ್ತದೆ ಎಂದು ಉತ್ತರ ಕೊಡುವುದಕ್ಕೂ ನಾಚಿಕೆಯಾಯಿತು.

ನಾಟಿ ಔಷಧಿಯ ಮಾತನ್ನೂ ಇಲ್ಲಿಯೇ ಆಡಬೇಕು. ಒಂಬತ್ತನೆಯ ತಿಂಗಳಲ್ಲಿ ಭಾವ, ಮಲೆನಾಡಿನ ಕಡೆ ಒಬ್ಬರು ಚಕ್ಕೆಯ ಪುಡಿ ಕೊಡುತ್ತಾರಂತೆ, ಒಂದು ಸಲ ಹೋಗಿ ಬಂದರೆ ಮೂರು ತಿಂಗಳಿಗಾಗುತ್ತದಂತೆ ಎಂದ. ವಿಚಾರವಾದಿಯಾದ ನಾನು ಸಿಟ್ಟಾದೆ, ಅಜ್ಞಾನ ಅಂದೆ. ಈಗ ನನ್ನ ಸಿಟ್ಟೇ ಅಜ್ಞಾನ ಅನ್ನಿಸುತ್ತದೆ. ಅವನು ಆ ಪುಡಿಯನ್ನು ಕೀಮೋಗಿಂತ ಹೆಚ್ಚು ನಂಬಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ‘ಒಂದು ಸಲ ಹೋಗಿ ಬಂದರೆ ಮೂರು ತಿಂಗಳು’ ಎಂಬುದು. ಒಂದು ದಿನದ ಕೂಲಿ ಹೋದರೆ ಸಾಕು, ಹೆಂಡತಿ ಮನೆಗೆ ಬರುತ್ತಾಳೆ, ಅಜ್ಜಿಯ ಮನೆಯಲ್ಲಿ ಬಿಟ್ಟ ಚಿಕ್ಕ ಮಗ ವಾಪಸಾಗುತ್ತಾನೆ. ಆಧುನಿಕ ವೈದ್ಯಪದ್ಧತಿ ಸೋಲುತ್ತಿದ್ದದ್ದು ವಿಜ್ಞಾನದಲ್ಲಿ ಅಲ್ಲವೇ ಅಲ್ಲ, ಈ ದಿನಗಳ ಎಣಿಕೆಯಲ್ಲಿ. ಎಣಿಕೆಯನ್ನು ಸರಿಪಡಿಸದೆ ಮೂಢನಂಬಿಕೆಯ ವಿರುದ್ಧ ಎಷ್ಟು ಭಾಷಣ ಮಾಡಿದರೂ ಆ ಚಕ್ಕೆಯ ಪುಡಿಯ ಮುಂದಿನ ಸಾಲು ಕರಗುವುದಿಲ್ಲ.

ಧೈರ್ಯದ ಮಾತಿಗೆ ಇನ್ನೊಂದು ಕೆಟ್ಟ ಪರಿಣಾಮವಿದೆ. ಅದು ಬಾಯಿ ಮುಚ್ಚಿಸುತ್ತದೆ. ಮಗುವಿನ ಮುಂದೆ ಅಳಬೇಡ, ಕಾಯಿಲೆಯ ಹೆಸರು ಎತ್ತಬೇಡ, ‘ಜ್ವರ’ ಅಂತ ಹೇಳು. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಲ್ಯುಕೇಮಿಯಾದ ಮಕ್ಕಳ ನಡುವೆ ತಿಂಗಳುಗಟ್ಟಲೆ ಕೂತು, ಅವರ ಆಟ ಮಾತುಗಳನ್ನು ಗಮನಿಸಿ, 1978ರಲ್ಲಿ ಪುಸ್ತಕ ಬರೆದರು. ಯಾರೂ ಹೇಳದಿದ್ದರೂ ಮಕ್ಕಳಿಗೆ ತಮ್ಮ ಸ್ಥಿತಿ ಪೂರಾ ಗೊತ್ತಿತ್ತು. ತಂದೆತಾಯಿ ನೊಂದುಕೊಳ್ಳುತ್ತಾರೆಂದು ಗೊತ್ತಿಲ್ಲದವರ ಹಾಗೆ ನಟಿಸುತ್ತಿದ್ದರು! ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲು ಸುಳ್ಳಾಡುವ ಆ ಏರ್ಪಾಟಿನಲ್ಲಿ ಒಂಟಿಯಾಗುವುದು ಮಗುವೇ. 2004ರಲ್ಲಿ ಸ್ವೀಡನ್ನಿನಿಂದ ಬಂದ ಒಂದು ಅಧ್ಯಯನವನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕ್ಯಾನ್ಸರ್‌ನಿಂದ ಮಗುವನ್ನು ಕಳೆದುಕೊಂಡ ತಂದೆತಾಯಿಗಳನ್ನು, ಸಾವಿನ ಬಗ್ಗೆ ಮಗುವಿನೊಂದಿಗೆ ಮಾತಾಡಿದ್ದಿರಾ ಎಂದು ಕೇಳಿದ್ದರು. ಮಾತಾಡಿದವರು 147 ಮಂದಿ. ಅವರಲ್ಲಿ ಒಬ್ಬರಿಗೂ ಪಶ್ಚಾತ್ತಾಪವಿರಲಿಲ್ಲ. ಮಾತಾಡದವರು 258, ಅವರಲ್ಲಿ 69 ಮಂದಿ, ಮಾತಾಡಬೇಕಿತ್ತು ಎಂದರು. ಸ್ವೀಡನ್ನಿನ ಮನೆಯನ್ನು ನಮ್ಮ ಮನೆಗೆ ಹಾಗೆಯೇ ಹೋಲಿಸಲಾಗದು; ನಮ್ಮಲ್ಲಿ ಮಗುವಿಗೆ ಹೇಳುವ ಮಾತು ಅಜ್ಜಿ, ದೊಡ್ಡಪ್ಪ, ನೆರೆಮನೆ ಎಲ್ಲ ದಾಟಿ ಬರಬೇಕು. ಆದರೆ ನಮ್ಮ ಮಗು ತಾನಾಗಿಯೇ ನನ್ನನ್ನು ಕೇಳಿತು: ‘ಮಾಮಾ, ಆ ಕಿಟಕಿ ಕಡೆ ಮಂಚದ ಅಣ್ಣ ಮನೆಗೆ ಹೋದನಾ, ಅಥವಾ ಹೋದನಾ?’ ಒಂದೇ ಪದವನ್ನು ಎರಡು ಸಲ, ಎರಡು ಅರ್ಥದಲ್ಲಿ. ನಾನು ‘ಮನೆಗೆ’ ಅಂದೆ. ಅವಳು ತಲೆಯಾಡಿಸಿ ಬಣ್ಣದ ಪುಸ್ತಕಕ್ಕೆ ಬಗ್ಗಿದಳು. ನನ್ನನ್ನು ಕಾಪಾಡಿದ್ದಳು.

ಈ ವಾದಕ್ಕೆ ಎದುರು ಮಾತುಗಳಿವೆ, ನಾನು ಬಲ್ಲೆ. ಹಣ ಇರುವುದೇ ಇಷ್ಟು, ಮೊದಲು ಔಷಧಿಗೆ, ಹಾಸಿಗೆಗೆ ಖರ್ಚಾಗಲಿ, ಮನೆಯವರ ಬಸ್ಸು ಬಾಡಿಗೆ ಆಮೇಲೆ ಎಂಬುದು ಒಂದು. ಕೇಳಲು ನ್ಯಾಯವಾಗಿದೆ. ಆದರೆ ಹನ್ನೊಂದು ತಿಂಗಳು ಸರ್ಕಾರದ ಖರ್ಚಿನಲ್ಲಿ ಕೀಮೋ ಕೊಟ್ಟು, ಹನ್ನೆರಡನೆಯ ತಿಂಗಳ ಬಸ್ ಖರ್ಚಿಲ್ಲದೆ ಮಗು ತಪ್ಪಿಹೋದರೆ ಹಿಂದಿನ ಅಷ್ಟೂ ಖರ್ಚು ನೀರಿಗೆ ಹಾಕಿದಂತೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಸತಿ, ಆಹಾರ, ಹಣ, ಸಮಾಜ ಕಾರ್ಯಕರ್ತರ ನಿರಂತರ ಫೋನು, ಇವೆಲ್ಲವನ್ನೂ ಚಿಕಿತ್ಸೆಯ ಭಾಗವಾಗಿಯೇ ಜೋಡಿಸಿದ ಮೇಲೆ, ಐದರಲ್ಲಿ ಒಂದರ ಆಸುಪಾಸು ಇದ್ದ ಚಿಕಿತ್ಸೆ ಬಿಡುವವರ ಪ್ರಮಾಣ ನೂರಕ್ಕೆ ಐದರ ಸುತ್ತಮುತ್ತ ಇಳಿಯಿತು. 2006ರಲ್ಲಿ ಅದೇ ಊರಿನಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ದೂರದೂರಿನ ಕುಟುಂಬಕ್ಕೆ ಒಂದು ಕೋಣೆ, ಅಡುಗೆಗೆ ಒಂದು ಒಲೆ, ವಾರದ ರೇಷನ್, ಆಸ್ಪತ್ರೆಗೆ ವಾಹನ ಕೊಡುತ್ತವೆ. ಫಾರ್ಬರ್ ಕೂಡ ಬಾಸ್ಟನ್ನಿನಲ್ಲಿ ಔಷಧದ ಜೊತೆಗೇ ಆಹಾರ, ಆಪ್ತಸಲಹೆ, ಕುಟುಂಬದ ಅಗತ್ಯಗಳೆಲ್ಲ ಒಂದೇ ಸೂರಿನಡಿ ಇರಬೇಕೆಂದು ಪಟ್ಟುಹಿಡಿದವರು. ಕಾಯಿಲೆಯನ್ನು ಮಣಿಸಿದವರ ತಲೆಯಲ್ಲಿ ಮದ್ದೂ ಮನೆಯೂ ಬೇರೆಯಾಗಿ ಇರಲಿಲ್ಲ.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ತಾಯಿ ಮಾಡುವುದಕ್ಕೆ ಬೆಲೆ ಕಟ್ಟಬಹುದೇ? ನನ್ನ ತಂಗಿಯನ್ನೇ ಕೇಳಿದೆ. ‘ಬೆಲೆ ಯಾರು ಕೇಳಿದರು, ಆಟೋ ದುಡ್ಡು ಕೊಡಲಿ’ ಅಂದಳು. ಪ್ರೀತಿಗೆ ಸಂಬಳ ಎಂದು ಹೆದರುವವರು ಹೆಚ್ಚಾಗಿ ಸಂಬಳ ಇರುವವರೇ. ಕ್ಷಯರೋಗಿಗೆ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ನೇರವಾಗಿ ಖಾತೆಗೆ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕೀಮೋ ನಡೆಯುತ್ತಿರುವ ಮಗುವಿನ ಮನೆಗೂ, ಅದರ ಜೊತೆಗಿರುವವರ ಕಳೆದುಹೋದ ಕೂಲಿಗೂ ಅಂಥದೊಂದು ಹಣ ಬೇಕು, ಚಿಕಿತ್ಸೆ ನಡೆಯುವಷ್ಟು ತಿಂಗಳೂ. ಹಣ ಕೊಟ್ಟಾಕ್ಷಣ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳಲಾರೆ. ಮಾತ್ರೆ ಮರೆಯುವ ಮನೆ ಇರುತ್ತದೆ, ಬಂದ ಹಣ ಕುಡಿತಕ್ಕೆ ಹೋಗುವ ಮನೆಯೂ ಇರುತ್ತದೆ. ಅದಕ್ಕೇ ಮನೆಯನ್ನು ಬಲ್ಲ, ಫೋನು ಮಾಡುವ ಒಬ್ಬ ಮನುಷ್ಯನೂ ಬೇಕು. ನಮ್ಮ ವಾರ್ಡಿನಲ್ಲಿ ಅಂಥವರೊಬ್ಬರಿದ್ದರು, ಸಂಸ್ಥೆಯೊಂದರಿಂದ ಬಂದವರು. ಅವರ ಗುತ್ತಿಗೆ ಮುಗಿದ ಮೇಲೆ ಆ ಕುರ್ಚಿ ಬಹಳ ದಿನ ಖಾಲಿಯಿತ್ತು, ಆಮೇಲೆ ಅದರ ಮೇಲೆ ಫೈಲುಗಳು ಕೂತವು.

ದೂರದ ಮಾತು ಉಳಿದಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದಾಗ ಎಲ್ಲವೂ ಒಂದೇ ಕಡೆ ಇರುವುದು ಅನಿವಾರ್ಯವಿತ್ತು. ಈಗ ಕಲಬುರಗಿಯಲ್ಲಿ ಕಿದ್ವಾಯಿಯದೇ ಕೇಂದ್ರವಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಇಂಡಕ್ಷನ್ ನಡೆಯಬೇಕಾದದ್ದು ತಜ್ಞರಿರುವ ಕಡೆಯೇ, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಮೇಂಟೆನೆನ್ಸಿನ ಎರಡು ವರ್ಷದ ರಕ್ತಪರೀಕ್ಷೆ, ಮಾತ್ರೆಯ ಲೆಕ್ಕ ಜಿಲ್ಲೆಯಲ್ಲೇ ಆಗಬಹುದು. ಜ್ವರದ ಮೊದಲ ಇಂಜೆಕ್ಷನ್ ಅಂತೂ ಜಿಲ್ಲೆಯಲ್ಲೇ ಆಗಲೇಬೇಕು. ಕೌಂಟ್ ಬಿದ್ದ ಮಗುವಿಗೆ 100.4 ಡಿಗ್ರಿ ದಾಟಿದರೆ ತಡಮಾಡದೆ ಆಂಟಿಬಯಾಟಿಕ್ ಹೋಗಬೇಕು, ಗಂಟೆಗಳ ಆಟ ಅದು. ಒಂದು ರಾತ್ರಿ ತಂಗಿ ಊರಲ್ಲಿದ್ದಾಗ ಥರ್ಮಾಮೀಟರು 101 ತೋರಿಸಿತು. ಹತ್ತಿರದ ಆಸ್ಪತ್ರೆಯೊಂದರಲ್ಲಿ ಡ್ಯೂಟಿಯಲ್ಲಿದ್ದವರು ಫೈಲಿನ ದಪ್ಪ ನೋಡಿಯೇ ‘ಬೆಂಗಳೂರಿಗೇ ಹೋಗಿ, ನಾವು ಮುಟ್ಟೋದಿಲ್ಲ’ ಅಂದರು. ಅವರದು ದುಷ್ಟತನವಲ್ಲ, ಭಯ. ಏನು ಮಾಡಬೇಕೆಂದು ಯಾರೂ ಅವರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿರಲಿಲ್ಲ. ಬಾಡಿಗೆ ಕಾರಿನಲ್ಲಿ ಆರು ತಾಸು, ಮಗುವಿನ ಹಣೆಗೆ ಒದ್ದೆ ಬಟ್ಟೆ, ತಾಸಿಗೊಮ್ಮೆ ಮೊಬೈಲ್ ಬೆಳಕಿನಲ್ಲಿ ಪಾದರಸ ನೋಡಿ ಟೋಲ್ ರಸೀತಿಯ ಹಿಂದೆ ಬರೆದಿದ್ದಳು: 101, 101.4, 102, 102, 101.8. ಆಸ್ಪತ್ರೆ ತಲುಪಿದಾಗ ಅಲ್ಲಿನ ಯುವ ವೈದ್ಯೆ ಆ ರಸೀತಿಯನ್ನೇ ಫೈಲಿಗೆ ಪಿನ್ನು ಹೊಡೆದರು.

ಇಡೀ ಫೈಲಿನಲ್ಲಿ ತಂಗಿಯ ಕೈಬರಹ ಇರುವುದು ಎರಡೇ ಕಡೆ. ಒಂದು ಆ ರಸೀತಿ. ಇನ್ನೊಂದು ಮೊದಲ ಪುಟ, ‘ಜೊತೆಗಿರುವವರು’ ಎಂಬ ಒಂದು ಗೆರೆ. ಆ ಗೆರೆಯ ಕೆಳಗೆ ಇನ್ನೂ ಕೆಲವು ಗೆರೆ ಹಾಕಿದರೆ ಸಾಕು ಎಂದು ಈಗ ನನಗನ್ನಿಸುತ್ತದೆ. ಊರು ಎಷ್ಟು ದೂರ? ದಿನದ ಕೂಲಿ ಎಷ್ಟು? ಮನೆಯಲ್ಲಿ ಬೇರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ರಾತ್ರಿ ಜ್ವರ ಬಂದರೆ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ನಮ್ಮಿಂದ ಪತ್ರ ಹೋಗಿದೆಯೇ? ನೀವು ಮಲಗುವುದು ಎಲ್ಲಿ?